ಮೂಲೆ ಅಂಗಡಿಯ ಕೀಲಿ ನನ್ನ ಹತ್ತಿರ ಇದೆ

ದೋಸ್ತ,

ಅವತ್ತು ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. "ಅಂಗಡಿ ಕೊಟ್ಟುಬಿಡೋದು ಅಂತ ಆಗಿದೆ, ದಸರಾ ಮುಗಿದ ಮೇಲೆ ಸಹಿ" ಅಂದೆ. ನಾನು ಹೂಂ ಅಂದೆ. ಹೂಂ ಅನ್ನಬಾರದಿತ್ತು. ಮರುದಿನ ಬೆಳಿಗ್ಗೆ ನಿಮ್ಮ ಕಾಕಾನ ಮನೆಗೆ ಹೋಗಿ ಕೀಲಿ ಕೇಳಿದೆ. "ಅದರಾಗ ನೋಡೂದೇನೈತೋ ತಮ್ಮಾ, ಇವತ್ತೋ ನಾಳೆಯೋ ಬೀಳೂದು" ಅಂದರು. ಆದರೂ ಗೂಟದಿಂದ ಕೀಲಿ ತೆಗೆದು ಕೊಟ್ಟರು. ಚಿಗವ್ವ ಚಹಾ ಮಾಡಿಕೊಟ್ಟು, ನೀನು ಯಾವಾಗ ಬರ್ತೀಯ ಅಂತ ಎರಡು ಸಲ ಕೇಳಿದರು.

ಇವತ್ತಿಗೆ ಮೂರು ವಾರ ಆಯಿತು. ಹೆಚ್ಚು ಕಡಿಮೆ ದಿನಾ ಹೋಗುತ್ತಿದ್ದೇನೆ. ಟೇಪು, ಬ್ಯಾಟರಿ, ಓಳಂಬದ ಗುಂಡು, ಒಂದು ನೋಟ್‌ಬುಕ್ಕು. ನಾನು ಇಪ್ಪತ್ತೈದು ವರ್ಷ ಕಟ್ಟಡದ ಕೆಲಸ ಮಾಡಿದವನು. ಹಳೇ ಮನೆ ಕೆಡವಿಸಿ ಜಾಗ ಸಾಫ್ ಮಾಡಿ ಕೊಟ್ಟದ್ದೂ ಕಡಿಮೆ ಏನಿಲ್ಲ. ಆ ಕೈಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಮೂಲೆ ಅಂಗಡಿ ಬೀಳೋ ಕಟ್ಟಡ ಅಲ್ಲ. ಅದರೊಳಗೆ ನೀರು ಸೇರಿದೆ. ಎಲ್ಲಿಂದ ಸೇರಿದೆ ಅನ್ನೋದು ನನಗೆ ಸಿಕ್ಕಿದೆ. ಅದನ್ನ ನಿನಗೆ ತೋರಿಸೋವರೆಗೆ ನೀನು ಸಹಿ ಹಾಕಬೇಡ. ನಾನು ಕೇಳೋದು ಇಷ್ಟೇ.

ಹೊರಗಿನಿಂದ ಶುರು ಮಾಡುತ್ತೇನೆ. ನಮ್ಮ ಗದಗಿನಲ್ಲಿ ದಾರಿ ಕೂಡೋ ಜಾಗಕ್ಕೆ ಕೂಟ ಅಂತೀವಿ. ಟಾಂಗಾ ಕೂಟ, ಹತ್ತಿಕಾಳ ಕೂಟ. ಟಾಂಗಾ ಹೋಗಿ ಆಟೋ ಬಂದರೂ ಹೆಸರು ಮಾತ್ರ ಹಾಗೇ ಇದೆ. ನಿಮ್ಮ ಅಂಗಡಿ ಕೂತಿರೋದು ಅಂಥದ್ದೇ ಒಂದು ಹೆಸರಿಲ್ಲದ ಸಣ್ಣ ಕೂಟದಲ್ಲಿ. ಎರಡು ಓಣಿ ಬಂದು ಪೇಟೆಯ ದಾರಿಗೆ ಸೇರುತ್ತವೆ. ಕಟ್ಟಡದ ಮೂಲೆ ಚೂಪಾಗಿಲ್ಲ, ನೆನಪಿದೆಯಾ? ಓರೆಯಾಗಿ ಕೊಯ್ದ ಹಾಗಿದೆ. ಆ ಕೊಯ್ದ ಜಾಗದಲ್ಲೇ ಬಾಗಿಲು. ಅಳತೆ ಮಾಡಿದೆ, ಐದು ಅಡಿ ನಾಲ್ಕು ಇಂಚು. ಸಣ್ಣವನಿದ್ದಾಗ ನಾನು ಅದನ್ನ ಅಂದಕ್ಕೆ ಮಾಡಿದ್ದು ಅಂದುಕೊಂಡಿದ್ದೆ. ಎರಡೂ ಓಣಿಯಿಂದ ಬರೋ ಗಿರಾಕಿಗೆ ಬಾಗಿಲು ಎದುರಿಗೇ ಕಾಣಲಿ ಅಂತ. ಅದೂ ಇರಬಹುದು. ಆದರೆ ಬುಡದಲ್ಲಿ ಒಂದು ಕಲ್ಲು ಇದೆಯಲ್ಲ, ನಾವು ಹತ್ತಿ ನಿಂತು ಜಿಗಿಯುತ್ತಿದ್ದ ಗುಂಡನೆಯ ಕಲ್ಲು? ಅದರ ಹತ್ತಿರ ಕೂತು, ಮೇಲೆ ಹತ್ತಿದ್ದ ಡಾಂಬರು ಕೆರೆದು ನೋಡಿದೆ. ಮೊಣಕಾಲಿಗಿಂತ ಸ್ವಲ್ಪ ಕೆಳಗೆ, ಕಲ್ಲಿನ ಸುತ್ತ ಒಂದು ಗೀರು. ಗೀರು ಅಂದರೆ ಸಣ್ಣದಲ್ಲ, ನನ್ನ ಕಿರುಬೆರಳು ಅರ್ಧ ಮುಳುಗುತ್ತದೆ. ಒಳಗೆ ಕೈಯಾಡಿಸಿದರೆ ಕನ್ನಡಿ ಹಾಗೆ ನುಣುಪು. ಗಾಡಿಯ ಗಾಲಿಗೆ ಹಾಕಿದ ಕಬ್ಬಿಣದ ಹಳಿ ಸವರಿ ಸವರಿ ಬಿದ್ದ ಗೀರು ಅದು. ಎಷ್ಟು ಸಾವಿರ ಗಾಡಿ ತಿರುಗಿರಬೇಕು ಹೇಳು, ಕಲ್ಲು ಹಾಗೆ ಸವೆಯೋಕೆ.

ಆ ಗಾಡಿಗಳಲ್ಲಿ ಇದ್ದದ್ದು ಹತ್ತಿ. ನಮ್ಮದು ಎರಿ ಭೂಮಿ, ಕಪ್ಪು ಮಣ್ಣಿನದು, ಹತ್ತಿಗೆ ಹೇಳಿ ಮಾಡಿಸಿದ್ದು. 1840ರ ದಶಕದಲ್ಲಿ ಇಂಗ್ಲಿಷರು ಅಮೆರಿಕದ ಹತ್ತಿಬೀಜ ತರಿಸಿ ಧಾರವಾಡ ಜಿಲ್ಲೆಯ ಹೊಲಗಳಲ್ಲಿ ಬಿತ್ತಿಸಿ ನೋಡಿದರು. ದೇಶದಲ್ಲಿ ಬೇರೆ ಎಷ್ಟೋ ಕಡೆ ಅದು ಕೈಕೊಟ್ಟಿತು, ನಮ್ಮ ಕಡೆ ಹಿಡಿಯಿತು. ಪೇಟೆಯಲ್ಲಿ ಅದಕ್ಕೆ ಧಾರವಾಡ-ಅಮೆರಿಕನ್ ಅಂತಲೇ ಹೆಸರು ಬಿತ್ತು. ಜವಾರಿ ಹತ್ತಿಗೆ ಕುಮಟಾ ಹತ್ತಿ ಅಂತಿದ್ದರು. ಬೆಳೆದದ್ದು ನಮ್ಮ ಹೊಲದಲ್ಲಿ, ಹೆಸರು ಸಮುದ್ರದ ದಂಡೆಯ ಊರಿನದು. ಯಾಕಂದರೆ ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಜಗಳದ ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಆಗ ನಮ್ಮ ಹತ್ತಿಗೆ ಬಂದ ಬೆಲೆ ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ.

ಆಮೇಲೆ ರೈಲು. 1876ರಿಂದ 78ರ ದೊಡ್ಡ ಬರ ಮುಗಿದ ಮೇಲೆ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1880ರ ದಶಕ ಮುಗಿಯೋ ಹೊತ್ತಿಗೆ ಗದಗ ಜಂಕ್ಷನ್ ಆಗಿತ್ತು. ಹುಬ್ಬಳ್ಳಿ, ಬಳ್ಳಾರಿ, ಸೊಲ್ಲಾಪುರ ಮೂರೂ ಕಡೆಗೆ ಇಲ್ಲಿಂದ ದಾರಿ. ಘಟ್ಟ ಇಳಿಯುತ್ತಿದ್ದ ಗಾಡಿಗಳು ಸ್ಟೇಷನ್ ಕಡೆ ತಿರುಗಿದವು. ನಿಮ್ಮ ಕೂಟದಲ್ಲಿ ನಿಂತು ನೋಡು, ಪೇಟೆಯಿಂದ ಬಂದ ಗಾಡಿ ಸ್ಟೇಷನ್ ಕಡೆ ಹೊರಳಬೇಕಾದರೆ ನಿಮ್ಮ ಮೂಲೆಯನ್ನೇ ಸುತ್ತಬೇಕು. ಎರಡು ಕಡೆ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಹೊರಚಾಚಿಕೊಂಡ ಗಾಡಿ, ಜೋಡೆತ್ತು, ಅಚ್ಚಿನ ತುದಿ ಬೇರೆ ಗಾಲಿಯಿಂದ ಹೊರಗೆ. ಮೂಲೆ ಚೂಪಾಗಿದ್ದರೆ ದಿನಾ ಜಗಳ, ದಿನಾ ಗೋಡೆ ರಿಪೇರಿ. ನಿಮ್ಮ ಅಜ್ಜ ತಮ್ಮ ಜಾಗದೊಳಗಿಂದ ಐದು ಅಡಿ ಬಿಟ್ಟುಕೊಟ್ಟರು. ಪೇಟೆಯಲ್ಲಿ, ಆಗಿನ ಕಾಲಕ್ಕೂ, ಅದು ಸಣ್ಣ ಮಾತಲ್ಲ.

ಆದರೆ ಕೆಳಗೆ ಬಿಟ್ಟ ಜಾಗವನ್ನ ಮೇಲೆ ವಾಪಸ್ ತಗೊಂಡಿದ್ದಾರೆ! ಅದು ನನಗೆ ಈ ವಯಸ್ಸಿನಲ್ಲಿ ಕಾಣಿಸಿತು. ಕೆಳಗೆ ಮೂಲೆ ಕೊಯ್ದಿದೆ, ಮೇಲೆ ಗ್ಯಾಲರಿ ಪೂರ್ತಿ ಮೂಲೆಯವರೆಗೆ ಬಂದಿದೆ. ಕೆಳಗೆ ಕಂಬ ಇಲ್ಲ. ಕಂಬ ಇಟ್ಟಿದ್ದರೆ ಗಾಡಿಗೆ ಅಡ್ಡ ಆಗುತ್ತಿತ್ತು. ಹಾಗಾದರೆ ಅದು ನಿಂತಿರೋದು ಯಾವುದರ ಮೇಲೆ? ಅಟ್ಟದ ಹಲಗೆ ಎರಡು ಎಬ್ಬಿಸಿ ಬ್ಯಾಟರಿ ಬಿಟ್ಟೆ. ಎರಡು ಕಬ್ಬಿಣದ ಗರ್ಡರ್ ಇವೆ. ಸಾಗವಾನಿ ತೊಲೆಗಳ ನಡುವೆ ಓರೆಯಾಗಿ ಹಾಕಿದ್ದಾರೆ. ಒಂದು ಪಾಲು ಹೊರಗೆ, ಎರಡು ಪಾಲು ಒಳಗೆ. ಒಳಗಿನ ತುದಿಯ ಮೇಲೆ ಮಾಳಿಗೆಯ ಇಟ್ಟಿಗೆ ಗೋಡೆಯ ಭಾರ ಕೂತಿದೆ. ಬಾವಿಯ ಏತ ಹೇಗೆ ಇರ್ತದೆ, ಹಿಂದೆ ಕಲ್ಲು ಕಟ್ಟಿರ್ತಾರಲ್ಲ, ಹಾಗೆ. ಹಿಂದಿನ ಗೋಡೆ ಒತ್ತಿ ಹಿಡಿದಿರೋದಕ್ಕೆ ಮುಂದಿನ ಗ್ಯಾಲರಿ ಗಾಳಿಯಲ್ಲಿ ನಿಂತಿದೆ. ಗ್ಯಾಲರಿಯನ್ನ ಅದಕ್ಕೇ ಇಟ್ಟಿಗೆಯಲ್ಲಿ ಕಟ್ಟಿಲ್ಲ, ಬರೀ ಕಟ್ಟಿಗೆ. ಗರ್ಡರಿನ ಹೊಟ್ಟೆಯ ಮೇಲೆ ಇಂಗ್ಲಿಷಿನಲ್ಲಿ ಉಬ್ಬು ಅಕ್ಷರ, ಡಾರ್ಮನ್ ಲಾಂಗ್, ಮಿಡಲ್ಸ್‌ಬ್ರೋ, ಇಂಗ್ಲೆಂಡ್. ಸಿಡ್ನಿ ಬಂದರಿನ ಮೇಲಿನ ಆ ದೊಡ್ಡ ಕಮಾನು ಸೇತುವೆ ನೋಡಿದ್ದೀಯಲ್ಲ, 1932ರಲ್ಲಿ ತೆರೆದದ್ದು, ಅದನ್ನ ಕಟ್ಟಿದ ಕಂಪನಿ ಇದೇ. ಅಲ್ಲಿಂದ ಹಡಗಿನಲ್ಲಿ ಬಂದು, ರೈಲಿನಲ್ಲಿ ಬಂದು, ಕೊನೆಗೆ ಗಾಡಿಯಲ್ಲಿ ಬಂದು ನಿಮ್ಮ ಅಟ್ಟ ಸೇರಿದೆ. ಸ್ವಲ್ಪ ಕೆಂಪು ತುಕ್ಕು ಹಿಡಿದಿದೆ, ಉಕ್ಕು ಮಾತ್ರ ಗಟ್ಟಿ ಇದೆ. ಸುತ್ತಿಗೆಯಿಂದ ತಟ್ಟಿದರೆ ಗಂಟೆ ಹಾಗೆ ಸದ್ದು ಬರುತ್ತದೆ.

ಕೆಡವೋ ಮಾತು ಹೇಳಿದವನು ನಿನಗೆ "ಗ್ಯಾಲರಿ ಬಾಗಿದೆ" ಅಂದಿದ್ದನಲ್ಲ. ಓಳಂಬ ಬಿಟ್ಟು ನೋಡಿದೆ. ಬಾಗಿರೋದು ಹೊರಗಿನ ಕಟಾಂಜನ, ಆ ಕಟ್ಟಿಗೆಯ ಕಟಕಟೆ, ಅದರ ಎರಡು ಗೂಟ ಕೊಳೆತಿವೆ ಅಷ್ಟೇ. ಒಬ್ಬ ಬಡಿಗೇರನಿಗೆ ನಾಲ್ಕು ದಿನದ ಕೆಲಸ.

ನಿಮ್ಮ ಅಜ್ಜ ಇದನ್ನ ಯಾವಾಗ ಕಟ್ಟಿಸಿದರು ಅಂತ ನಿಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕಾಕಾ ರೈಲು ಬಂದ ವರ್ಷ ಅಂತಾರೆ. ನಾನು ಹಂಚು ಕೇಳಿದೆ. ಹೌದು, ಹಂಚನ್ನೇ. ಏಣಿ ಇಟ್ಟು ಹತ್ತಿ, ಒಡೆದಿದ್ದ ಜಾಗದಿಂದ ಒಂದನ್ನ ತೆಗೆದು ತಿರುಗಿಸಿ, ಹಲ್ಲುಜ್ಜೋ ಬ್ರಷ್ಷಿನಿಂದ ಪಾಚಿ ತಿಕ್ಕಿದೆ. ಮಂಗಳೂರು ಹಂಚಿನ ಬೆನ್ನ ಮೇಲೆ ಕಾರ್ಖಾನೆಯ ಹೆಸರು ಇರ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದರು. ಅವರೇ ನಮ್ಮ ಬೆಟಗೇರಿಯಲ್ಲೂ ಅದಕ್ಕೆ ಎಷ್ಟೋ ಮೊದಲಿಂದ ಇದ್ದರು, ಆಸ್ಪತ್ರೆ ಕಡೆ ಹೋದರೆ ಇವತ್ತಿಗೂ ಆ ಹೆಸರು ಕೇಳ್ತದೆ. ಮೊದಲನೇ ಮಹಾಯುದ್ಧ ಬಂದಾಗ ಮಿಷನ್‌ನವರಲ್ಲಿ ಜರ್ಮನರು ಇದ್ದರು ಅಂತ ಇಂಗ್ಲಿಷ್ ಸರ್ಕಾರ ಅವರ ಕಾರ್ಖಾನೆಗಳನ್ನ ಕಿತ್ತುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಕಂಪನಿಯ ಕೈಗೆ ಹೋದವು. ಪಾಚಿ ಹೋದ ಮೇಲೆ ನಿಮ್ಮ ಹಂಚಿನ ಬೆನ್ನ ಮೇಲೆ ಮೂಡಿದ್ದು ಕಾಮನ್‌ವೆಲ್ತ್ ಅನ್ನೋ ಹೆಸರು. ಇನ್ನೂ ಆರು ಹಂಚು ಬೇರೆ ಬೇರೆ ಜಾಗದಿಂದ ತೆಗೆದು ನೋಡಿದೆ, ಎಲ್ಲದರ ಮೇಲೂ ಅದೇ. ಅಂದರೆ ಈ ಚಾವಣಿ ಮೊದಲನೇ ಮಹಾಯುದ್ಧ ಮುಗಿದ ಮೇಲಿನದು. ರೈಲು ಬಂದ ವರ್ಷದ್ದಲ್ಲ. ಕಾಕಾಗೆ ಹೇಳಿದೆ. ಹಂಚು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ, "ಅಪ್ಪ ಯಾವಾಗಲೂ ಯುದ್ಧ ಯುದ್ಧ ಅಂತಿದ್ದಾ, ನಾ ಎರಡನೇದ್ದು ಅನ್ಕೊಂಡಿದ್ದೆ" ಅಂದರು.

ಒಳಗೆ ಬಾ ಈಗ.

ಅಂಗಡಿ ಮುಚ್ಚೋ ಹಲಗೆ, ಆ ಫಳಿಗಳು ಎಲ್ಲಾ ಇವೆ ದೋಸ್ತ. ಹನ್ನೊಂದೂ ಇವೆ. ಶಟರ್ ಹಾಕಿಸಿದಾಗ ಬಿಸಾಕಿರ್ತಾರೆ ಅಂದುಕೊಂಡಿದ್ದೆ. ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿ, ಮೇಲೆ ಗೋಣಿಚೀಲ ಹೊದಿಸಿ ಇಟ್ಟಿದ್ದಾರೆ. ನಿಮ್ಮ ಅಪ್ಪನದೇ ಕೆಲಸ ಇರಬೇಕು, ಅವರಿಗೆ ಏನೂ ಬಿಸಾಡಲು ಮನಸ್ಸು ಬರುತ್ತಿರಲಿಲ್ಲ. ಒಂದೊಂದು ಫಳಿಯೂ ಏಳು ಅಡಿ ಎತ್ತರ, ಸಾಗವಾನಿ. ರಾತ್ರಿ ಅಂಗಡಿ ಮುಚ್ಚುವಾಗ ಕೆಳಗೆ ಕಲ್ಲಿನಲ್ಲಿ ಕೊರೆದ ಸೀಳಿನಲ್ಲಿ ಒಂದೊಂದೇ ಕೂಡಿಸಿ ಸರಿಸೋದು. ಕೊನೆಯದಕ್ಕೆ ಅಡ್ಡಪಟ್ಟಿ, ಕೀಲಿ. ಒಂದರ ಜಾಗದಲ್ಲಿ ಇನ್ನೊಂದು ಕೂಡೋದಿಲ್ಲ, ಅದಕ್ಕೆ ತಲೆಯ ಹತ್ತಿರ ಉಳಿಯಿಂದ ಅಂಕಿ ಕೆತ್ತಿದ್ದಾರೆ. ಕನ್ನಡ ಅಂಕಿ, ೧ರಿಂದ ೧೧. ನಾವಿಬ್ಬರೂ ಸಂಜೆ ಫಳಿ ಹಚ್ಚಲು ಜಗಳ ಆಡುತ್ತಿದ್ದದ್ದು ನೆನಪಿದೆಯಾ? ೬ಕ್ಕೂ ೯ಕ್ಕೂ ನಮಗೆ ಯಾವಾಗಲೂ ಗೊಂದಲ. ನೀನು ೯ ತಂದು ೬ರ ಜಾಗಕ್ಕೆ ಒತ್ತುತ್ತಿದ್ದೆ, ನಿಮ್ಮ ಅಪ್ಪ ಗಾದಿಯ ಮೇಲಿಂದಲೇ "ಚುಕ್ಕಿ ನೋಡೋ, ಚುಕ್ಕಿ" ಅಂತಿದ್ದರು. ಆ ಚುಕ್ಕಿ ಈಗಲೂ ಇದೆ. ೯ರ ಪಕ್ಕದಲ್ಲಿ ಬಡಿಗೇರ ಉಳಿಯ ಮೂಲೆಯಿಂದ ಒತ್ತಿದ ಒಂದು ಸಣ್ಣ ಕುಳಿ, ಜೋಳದ ಕಾಳಿನಷ್ಟು. ಅದರಲ್ಲಿ ಎಷ್ಟೋ ವರ್ಷದ ಎಣ್ಣೆ, ಧೂಳು ಕೂತು ಕರ್ರಗಾಗಿದೆ. ಕಡ್ಡಿಯಿಂದ ತೆಗೆದೆ. ಒಳಗಿನ ಸಾಗವಾನಿ ಇನ್ನೂ ಹೊಂಬಣ್ಣ.

ತಕ್ಕಡಿಯ ಕೊಕ್ಕೆ ತೊಲೆಯಲ್ಲಿ ಹಾಗೇ ಇದೆ. ಗಲ್ಲಾದ ಹಿಂದೆ ಗೋಡೆಯ ಗೂಡಿನಲ್ಲಿ ಸೇರು, ಅಚ್ಚೇರು, ಪಾವು ಸಿಕ್ಕವು. ಮೆಟ್ರಿಕ್ ತೂಕ ಬಂದು 1962ಕ್ಕೆ ಎಲ್ಲಾ ಕಡೆ ಕಡ್ಡಾಯ ಆದ ಮೇಲೂ ಹಳ್ಳಿಯಿಂದ ಬಂದವರು ಸೇರಿನ ಲೆಕ್ಕದಲ್ಲೇ ಕೇಳ್ತಿದ್ದರು, ನಿಮ್ಮ ಅಪ್ಪ ಬಾಯಲ್ಲೇ ಲೆಕ್ಕ ಮಾಡಿ ಕಿಲೋದಲ್ಲಿ ತೂಗಿ ಕೊಡ್ತಿದ್ದರು. ಹಿಂದಿನ ಕೋಣೆ ಪ್ರೆಸ್ಸಿನವರಿಗೆ ಬಾಡಿಗೆ ಕೊಟ್ಟಿದ್ದರಲ್ಲ. ಗದಗ ಅಂದರೆ ಆಗ ಊರ ತುಂಬಾ ಮುದ್ರಣದ ಸದ್ದು. ಫರಸಿ ಕಲ್ಲಿನ ಸಂದಿನಲ್ಲಿ ಅಕ್ಷರ ಅಚ್ಚು ಹಾಕೋ ಒಂದು ಸೀಸದ ಮೊಳೆ ಸಿಕ್ಕಿತು. ಉಲ್ಟಾ ಅಕ್ಷರ, ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದೆ. ಳ. ನಿನಗೆ ಅಂತ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು ನೆನಪಾಯಿತು. ಪುಣ್ಯಾಶ್ರಮದಿಂದ ಒಬ್ಬ ಹುಡುಗ ಬರ್ತಿದ್ದನಲ್ಲ, ಕಣ್ಣು ಕಾಣದವನು, ತಬಲಾ ಕಲಿಯುತ್ತಿದ್ದ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಥ ಎಷ್ಟು ಮಕ್ಕಳಿಗೆ ಕೈಯಲ್ಲಿ ವಿದ್ಯೆ ಇಟ್ಟು ಕಳಿಸಿದರು, ಲೆಕ್ಕ ಇಲ್ಲ. ಆ ಹುಡುಗ ಗೋಡೆ ಹಿಡಿದುಕೊಂಡು ಬಂದು, ನಿಮ್ಮ ಮೂಲೆಯ ಕಲ್ಲಿಗೆ ಕೋಲು ಬಡಿದು, ಬಗ್ಗಿ ಕೈಯಿಂದ ಆ ಗೀರು ಮುಟ್ಟಿ, ಆಮೇಲೆ ಬಲಕ್ಕೆ ತಿರುಗುತ್ತಿದ್ದ. ನಾನು ಒಂದು ಸಲ ಕೇಳಿದೆ, ಯಾಕೆ ಮುಟ್ಟತೀ ಅಂತ. "ಊರಾಗ ಕಲ್ಲು ಬಹಳ ಅದಾವು, ಗೀರಿದ್ದದ್ದು ಇದೊಂದ" ಅಂದ. ನಲವತ್ತು ವರ್ಷದ ಹಿಂದಿನ ಮಾತು. ಡಾಂಬರು ಕೆರೆದು ಆ ಗೀರಿನಲ್ಲಿ ಬೆರಳು ಇಟ್ಟಾಗ ಅವನ ಮಾತು ಕಿವಿಯಲ್ಲಿ ಬಂತು. ರಸ್ತೆ ಏರಿಸಿ ಏರಿಸಿ ಕಲ್ಲು ಅರ್ಧ ಮುಚ್ಚಿಹೋಗಿದೆ. ಇನ್ನೊಂದು ಸಲ ಡಾಂಬರು ಹಾಕಿದರೆ ಗೀರೂ ಮುಳುಗುತ್ತದೆ.

ಈಗ ಬಿರುಕಿನ ವಿಷಯ. ಇದನ್ನ ನಿಧಾನವಾಗಿ ಓದು, ಕಾಕಾನ ಮಕ್ಕಳಿಗೂ ಓದಿ ಹೇಳು.

ಗೋಡೆ ದಪ್ಪ ಇಪ್ಪತ್ತು ಇಂಚು. ಇಟ್ಟಿಗೆ, ಗಚ್ಚು. ಒಂದು ಹಿಡಿ ಸಿಮೆಂಟ್ ಇಲ್ಲ. ಗಚ್ಚು ಹೇಗೆ ಮಾಡ್ತಿದ್ದರು ಅಂತ ನನಗೆ ಕೆಲಸ ಕಲಿಸಿದ ಮುದುಕ ಗೌಂಡಿ ಹೇಳ್ತಿದ್ದ. ಎರಿ ಹೊಲದಲ್ಲಿ ಸಿಗೋ ಸುಣ್ಣದ ಹರಳು ಆರಿಸಿ ತಂದು, ಭಟ್ಟಿಯಲ್ಲಿ ಸುಟ್ಟು, ನೀರು ಹಾಕಿ ಅರಳಿಸಬೇಕು. ಮರಳು ಕೂಡಿಸಿ ಕಲ್ಲಿನ ದುಂಡು ಕಾಲುವೆಯಲ್ಲಿ ಎತ್ತು ಕಟ್ಟಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಬೇಕು. ಬೆಣ್ಣೆ ಹಾಗೆ ಬಂದ ಮೇಲೆ ಗೋಡೆಗೆ. ಸಿಮೆಂಟ್ 28 ದಿನಕ್ಕೆ ತನ್ನ ಶಕ್ತಿಯ ಬಹುಪಾಲು ಪಡೆದುಬಿಡುತ್ತದೆ. ಸುಣ್ಣ ಹಾಗಲ್ಲ, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ವರ್ಷಗಟ್ಟಲೆ ಮೆಲ್ಲಗೆ ಮತ್ತೆ ಕಲ್ಲಾಗುತ್ತಾ ಹೋಗುತ್ತದೆ. ಕೂದಲೆಳೆಯಂಥ ಬಿರುಕು ಬಿದ್ದರೆ, ಮಳೆನೀರಲ್ಲಿ ಕರಗಿದ ಸುಣ್ಣ ಆ ಬಿರುಕಿನಲ್ಲೇ ಕೂತು ಮುಚ್ಚಿಕೊಳ್ಳುತ್ತದೆ. ನಮ್ಮ ಎರಿ ಮಣ್ಣಿಗೆ ಇದೇ ಬೇಕು. ಬೇಸಿಗೆಯಲ್ಲಿ ಹೊಲ ಹೇಗೆ ಬಾಯಿ ಬಿಡುತ್ತದೆ, ಕರುವಿನ ಕಾಲು ಹೋಗೋವಷ್ಟು, ಮಳೆಗಾಲದಲ್ಲಿ ಹೇಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ನೀನೇ ನೋಡಿದ್ದೀಯ. ಅಂಥ ಮಣ್ಣಿನ ಮೇಲೆ ಗೋಡೆ ಸ್ವಲ್ಪ ಮಿಸುಕಾಡಲೇಬೇಕು. ಗಚ್ಚು ಮಿಸುಕಾಡಲು ಬಿಡುತ್ತದೆ. ಸಿಮೆಂಟ್ ಬಿಡೋದಿಲ್ಲ, ಒಡೆಯುತ್ತದೆ.

ಮುಂದಿನ ಎರಡು ಗೋಡೆಯ ಪಾಯ ಒಂದು ಕಡೆ ಅಗೆದು ನೋಡಿದೆ. ಎಂಟು ಅಡಿಗೂ ಕಲ್ಲು ಇದೆ. ಎರಿ ದಾಟಿ ಗರಸಿನ ಮೇಲೆ, ಅಂದರೆ ಗಟ್ಟಿ ಹರಳು ಮಣ್ಣಿನ ಮೇಲೆ, ಕೂಡಿಸಿದ್ದಾರೆ. ಅದು ಅಲುಗಾಡೋದಿಲ್ಲ.

ಬಿರುಕು ಇರೋದು ಹಿಂದಿನ ಗೋಡೆಯಲ್ಲಿ, ಬಚ್ಚಲ ಕಡೆ. ಕೆಳಗೆ ಬೆರಳು ಹೋಗುತ್ತದೆ, ಮೇಲೆ ಹೋಗ್ತಾ ಹೋಗ್ತಾ ಕೂದಲಾಗುತ್ತದೆ. ಕೆಳಗೆ ಅಗಲ, ಮೇಲೆ ಸಣ್ಣ. ಇದನ್ನ ನೋಡಿದಾಗಲೇ ನನಗೆ ಪಾಯದ ಕೆಳಗೆ ಏನೋ ಇದೆ ಅನ್ನಿಸಿತು. ಬಿರುಕಿಗೆ ಅಡ್ಡವಾಗಿ ಮೂರು ಕಡೆ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದೆ, ಪಕ್ಕದಲ್ಲಿ ತಾರೀಖು ಬರೆದೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಮುಂದಿನ ಗೋಡೆಯ ಹಳೇ ಬಿರುಕಿಗೂ ಎರಡು ಅಂಟಿಸಿದೆ. ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೇ ದಿನ ರಾತ್ರಿ ಭಾರೀ ಮಳೆ. ಬೆಳಿಗ್ಗೆ ಹೋದರೆ ಹಿಂದಿನ ಗೋಡೆಯ ಕೆಳಗಿನ ಗಾಜು ಎರಡು ತುಂಡು. ಉಳಿದ ನಾಲ್ಕೂ ಹಾಗೇ ಇದ್ದವು.

ಹೊರಗೆ ಹೋಗಿ ನೋಡಿದೆ. ಮಾಳಿಗೆಯ ನೀರೆಲ್ಲಾ ಒಂದೇ ಪೈಪಿನಲ್ಲಿ ಇಳಿಯುತ್ತದೆ. ಪೈಪ್ ಆಳೆತ್ತರದಲ್ಲಿ ಮುರಿದಿದೆ. ನೀರು ನೇರ ಗೋಡೆಯ ಬುಡಕ್ಕೆ. ಅಲ್ಲಿ ಸಣ್ಣ ಹೊಂಡ ಆಗಬೇಕಿತ್ತು, ಆಗಿಲ್ಲ. ಅಷ್ಟು ನೀರು ಎಲ್ಲಿಗೆ ಹೋಯಿತು? ಸಲಿಕೆ ತಗೊಂಡು ಕೆರೆದೆ. ಎರಡು ಅಡಿಗೆ ಒಂದು ದುಂಡು ಕಲ್ಲಿನ ಬಾಯಿ ಸಿಕ್ಕಿತು. ಹಗೇವು ದೋಸ್ತ! ಜೋಳ ತುಂಬಿಡೋ ಹಗೇವು. ನಿಮ್ಮ ಅಜ್ಜ ಅಂಗಡಿಯ ಕಾಳು ಅದರಲ್ಲೇ ಇಡುತ್ತಿದ್ದರು ಅಂತ ಕಾಕಾಗೆ ಆಮೇಲೆ ನೆನಪಾಯಿತು. ಯಾವಾಗಲೋ ಅದನ್ನ ಕಸ, ಸಡಿಲ ಮಣ್ಣು ಹಾಕಿ ಮುಚ್ಚಿ, ಮೇಲೆ ಬಚ್ಚಲು ಕಟ್ಟಿದ್ದಾರೆ. ಮಳೆನೀರು, ಬಚ್ಚಲ ನೀರು ಎರಡೂ ಆ ಕುಣಿಗೆ ಇಳಿಯುತ್ತಿವೆ. ಸುತ್ತಲಿನ ಮಣ್ಣು ಉಬ್ಬೋದು, ಒಣಗೋದು, ಕುಸಿಯೋದು. ಗೋಡೆ ಪಾಪ ಏನು ಮಾಡೀತು.

ಇದರ ಮೇಲೆ ಹತ್ತು ವರ್ಷದ ಹಿಂದೆ ನೀವು ರಿಪೇರಿ ಮಾಡಿಸಿದಾಗ ಬಂದ ಕೆಲಸದವರು ಹಳೇ ಗಿಲಾವು ಕೆತ್ತಿ ಸಿಮೆಂಟ್ ಗಿಲಾವು ಹಾಕಿದ್ದಾರೆ. ಒಳಗಿನ ಹಸಿ ಹೊರಗೆ ಬರೋ ದಾರಿ ಮುಚ್ಚಿಹೋಯಿತು. ಅದಕ್ಕೇ ಗೋಡೆ ಉಪ್ಪು ಕಾರುತ್ತಿದೆ, ಬಣ್ಣ ಸಿಪ್ಪೆ ಸಿಪ್ಪೆ ಏಳುತ್ತಿದೆ. ಅವರನ್ನ ಬೈಯೋ ಹಕ್ಕು ನನಗಿಲ್ಲ. ನಾನೂ ಎಷ್ಟೋ ಮನೆಗೆ ಹಾಗೇ ಮಾಡಿಸಿದ್ದೇನೆ, ಗಟ್ಟಿ ಆಗಲಿ ಅಂತ. ಆ ಮನೆಗಳು ಯಾವ್ಯಾವು ಅಂತ ನನಗೆ ನೆನಪಿದೆ, ರಾತ್ರಿ ನೆನಪಾಗುತ್ತವೆ. ಕೆಲವು ಈಗ ಇಲ್ಲ.

ಮಾಡಬೇಕಾದ್ದು ಇಷ್ಟು. ಪೈಪ್ ಸರಿ ಮಾಡಿ ನೀರನ್ನ ಓಣಿಯ ಗಟಾರಕ್ಕೆ ಬಿಡೋದು. ಬಚ್ಚಲು ಅಲ್ಲಿಂದ ತೆಗೆಯೋದು. ಹಗೇವಿನ ಕಸ ಬಗೆದು, ಗರಸು ಪದರ ಪದರವಾಗಿ ಹಾಕಿ ಬಡಿದು ಧಮ್ಮಸ್ ಮಾಡೋದು. ಒಂದು ಬೇಸಿಗೆ ಗೋಡೆ ಒಣಗಲು ಬಿಡೋದು. ಸಿಮೆಂಟ್ ಗಿಲಾವು ತೆಗೆದು ಸುಣ್ಣದ್ದು ಹಾಕೋದು. ಹಂಚು ಆಡಿಸೋದು. ಸುಣ್ಣದ ಕೆಲಸ ಬಲ್ಲ ಗೌಂಡಿ ಒಬ್ಬ ಲಕ್ಕುಂಡಿ ಕಡೆ ಇನ್ನೂ ಇದ್ದಾನೆ, ಮಾತಾಡಿ ಬಂದಿದ್ದೇನೆ. ಖರ್ಚಿನ ಲೆಕ್ಕ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ನೀನು ಬಂದಾಗ ಎಲ್ಲರ ಮುಂದೆ ಇಡ್ತೀನಿ. ನನ್ನ ಕೂಲಿ ಅದರಲ್ಲಿ ಇಲ್ಲ, ಅದನ್ನ ಕೇಳಲೂಬೇಡ.

ಕಾಕಾನ ಮಕ್ಕಳಿಗೆ ದುಡ್ಡು ಬೇಕು, ನನಗೆ ಗೊತ್ತು. ದೊಡ್ಡವನ ಮಗಳ ಮದುವೆ ಇದೆ, ಸಣ್ಣವನ ಸಾಲ ಇದೆ. ಅದು ತಪ್ಪಲ್ಲ. ಆದರೆ ಅವರಿಗೆ ಬೀಳೋ ಕಟ್ಟಡ ಅಂತ ಹೇಳಿ ಬರೀ ಜಾಗದ ಬೆಲೆ ಕಟ್ಟಿದ್ದಾರೆ. ನಿಂತಿರೋ ಕಟ್ಟಡದ ಬೆಲೆ ಯಾರೂ ಹೇಳಿಲ್ಲ. ಅಂಗಡಿ ರಿಪೇರಿ ಮಾಡಿಸಿ ಬಾಡಿಗೆ ಕೊಡಬಹುದು, ಇಲ್ಲಾ ನೀನೇ ಅವರ ಪಾಲು ತಗೊಂಡು ಕಂತಿನಲ್ಲಿ ಕೊಡಬಹುದು. ಅದು ನಿಮ್ಮ ಮನೆಯ ಮಾತು, ನಾನು ನಡುವೆ ಬರೋದಿಲ್ಲ. ಕಟ್ಟಡ ಗಟ್ಟಿ ಇದೆ ಅನ್ನೋದು ಗೊತ್ತಿದ್ದು ತೀರ್ಮಾನ ಆಗಲಿ.

ನಮ್ಮೂರಿಗೆ ಬಂದವರನ್ನ ಎಲ್ಲಿಗೆ ಕರಕೊಂಡು ಹೋಗ್ತೀವಿ? ತ್ರಿಕೂಟೇಶ್ವರಕ್ಕೆ, ವೀರನಾರಾಯಣ ಗುಡಿಗೆ. ಕುಮಾರವ್ಯಾಸ ಒರಗಿ ಕೂತು ಬರೆದ ಕಂಬ ಅಂತ ಅಲ್ಲಿ ಒಂದು ಕಂಬ ತೋರಿಸ್ತೀವಿ, ಕೈ ಮುಗಿಯುತ್ತೀವಿ. ಹನ್ನೊಂದು ಕಿಲೋಮೀಟರ್ ಹೋದರೆ ಲಕ್ಕುಂಡಿ. ಅವನ್ನ ಕಾಯೋಕೆ ಇಲಾಖೆ ಇದೆ, ಬೇಲಿ ಇದೆ, ಬೋರ್ಡ್ ಇದೆ. ಪೇಟೆಯ ಅಂಗಡಿಗೆ ಯಾರಿದ್ದಾರೆ? ಹತ್ತಿ ಬೆಳೆದವರು, ಅಂಡಿಗೆ ಹೊತ್ತವರು, ಗಾಡಿ ಹೊಡೆದವರು, ಪಾವು ಎಣ್ಣೆಗೆ ಉದ್ರಿ ಬರೆಸಿದವರು, ಅವರದೆಲ್ಲಾ ಗುರುತು ಇಂಥ ಗೋಡೆಗಳಲ್ಲೇ ಇರೋದು. ಅದನ್ನ ಉಳಿಸಬೇಕು ಅಂತ ನನಗೆ ಬಹಳ ಅನ್ನಿಸುತ್ತಿದೆ ದೋಸ್ತ. ಇಷ್ಟು ವರ್ಷ ಯಾಕೆ ಅನ್ನಿಸಲಿಲ್ಲವೋ.

ಈ ವಾರ ಉತ್ತರಿ ಮಳೆ ಹಿಡಿದಿದೆ. ನಿಲ್ಲೋ ಹಾಗೆ ಕಾಣೋದಿಲ್ಲ. ನೀನು ಮಳೆ ಬಿಟ್ಟ ಮೇಲೆ ಬರ್ತೀನಿ ಅನ್ನಬೇಡ, ಮಳೆ ಇದ್ದಾಗಲೇ ಬಾ. ಶನಿವಾರ ರಾತ್ರಿ ಗಾಡಿ ಹತ್ತಿದರೆ ಬೆಳಿಗ್ಗೆ ಇಲ್ಲಿರ್ತೀಯ, ನಾನು ಸ್ಟೇಷನ್ನಿಗೆ ಬರ್ತೀನಿ. ಮನೆಗೆ ಹೋಗೋಕೆ ಮೊದಲು ಹಿತ್ತಲಿಗೆ ಕರಕೊಂಡು ಹೋಗ್ತೀನಿ. ಪೈಪಿನ ನೀರು ಎಲ್ಲಿ ಬೀಳ್ತದೆ, ಎಲ್ಲಿ ಮಾಯ ಆಗ್ತದೆ, ನಿಂತು ನಿನ್ನ ಕಣ್ಣಿಂದ ನೋಡು. ಗಾಜು ಒಡೆದ ಜಾಗದಲ್ಲಿ ಹೊಸದು ಅಂಟಿಸಿದ್ದೇನೆ.

ಕೀಲಿ ನನ್ನ ಹತ್ತಿರವೇ ಇರಲಿ ಅಂತ ಕಾಕಾ ನಿನ್ನೆ ಹೇಳಿದರು.

ನಿನ್ನ ದೋಸ್ತ
ಗದಗ